ಟವೆಲ್ಲಿನ ಕೆಳಗಿನ ಐದು ವರ್ಷ

ನಮ್ಮ ಮನೆಯಲ್ಲಿ ಯಾವುದನ್ನೂ ದರ ಕೇಳದೆ ಕೊಳ್ಳುವ ಪದ್ಧತಿಯಿಲ್ಲ. ಅಪ್ಪನದು ಅಮರಗೋಳದ ಮಾರುಕಟ್ಟೆಯಲ್ಲಿ ಕಾಳುಕಡಿಯ ದಲಾಲಿ ಅಂಗಡಿ. ರೈತರು ತಂದ ಜೋಳ, ಕಡಲೆ, ಹೆಸರನ್ನು ಖರೀದಿದಾರರಿಗೆ ಮಾರಿಸಿಕೊಟ್ಟು ಕಮಿಷನ್ ಪಡೆಯುವುದು ಅವನ ಕಸುಬು. ಹಬ್ಬಕ್ಕೆ ಅವ್ವನಿಗೆ ಸೀರೆ ತರಲು ಹೋದರೂ ಮೂರು ಅಂಗಡಿ ಹತ್ತಿಳಿದು, ನಾಲ್ಕನೆಯದರಲ್ಲಿ ಅವರು ಕೊಟ್ಟ ಚಹಾ ಕುಡಿದು, ಕೊನೆಗೆ ಮೊದಲನೆಯ ಅಂಗಡಿಗೇ ಮರಳಿ ಬಂದು ಕೊಳ್ಳುವ ಮನುಷ್ಯ. ಅಂಥವನು ನನ್ನ ಡಿಗ್ರಿಯೊಂದನ್ನು ಮಾತ್ರ ದರ ಕೇಳದೆ ಕೊಳ್ಳಲು ಹೊರಟಿದ್ದ. ತಡೆದವಳು ನಾನು. ಅದರ ಬಗ್ಗೆ ನನಗೆ ಈಗಲೂ ಸ್ವಲ್ಪ ಸೊಕ್ಕಿದೆ, ಇರಲಿ ಬಿಡಿ.

ಪಿಯುಸಿ ಮುಗಿದಾಗ ಜೀವಶಾಸ್ತ್ರದಲ್ಲಿ ನನಗೆ ಒಳ್ಳೆಯ ಅಂಕ ಬಂದಿದ್ದವು. ನೀಟ್ ಪರೀಕ್ಷೆಯಲ್ಲಿ ಮಾತ್ರ ಸರಕಾರಿ ಮೆಡಿಕಲ್ ಸೀಟು ಸಿಗುವಷ್ಟು ಬರಲಿಲ್ಲ. ಬೈರಿದೇವರಕೊಪ್ಪದ ನಮ್ಮ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೇನೋ ಎಂಬಂತೆ ಸಣ್ಣ ದನಿಯಲ್ಲಿ ಮಾತಾಡಿಸಿ ಹೋದರು. ಅವ್ವ ಅತ್ತಳು. ನನಗೆ ಒಳಗೊಳಗೇ ಹಗುರವಾಗಿತ್ತು. ನನಗೆ ಬೇಕಾಗಿದ್ದು ಡಾಕ್ಟರಿಕೆ ಅಲ್ಲ, ನುಸಿ.

ನುಸಿ ಎಂದರೆ ಜೋಳದ ಕಾಳಿನೊಳಗೆ ಹೊಕ್ಕು ಅದನ್ನು ಹಿಟ್ಟು ಮಾಡಿ ಹೊರಬರುವ ಆ ಸಣ್ಣ ಮೂತಿಯ ಹುಳ. ಬೇಸಿಗೆ ರಜೆಯಲ್ಲಿ ಅಪ್ಪನ ಗೋದಾಮಿನಲ್ಲಿ ಚೀಲಗಳ ಮೇಲೆ ಕೂತು ನಾನು ನೋಡಿದ್ದೆಲ್ಲ ಅದನ್ನೇ. ಒಂದು ಚೀಲಕ್ಕೆ ಹತ್ತಿದ್ದು ಪಕ್ಕದ ಚೀಲಕ್ಕೆ ಯಾಕೆ ಹತ್ತುವುದಿಲ್ಲ, ಹೆಸರಿಗೆ ಬೀಳುವ ಹುಳವೇ ಬೇರೆ ಯಾಕೆ, ಔಷಧದ ಗುಳಿಗೆ ಇಟ್ಟರೂ ಕೆಲವು ಯಾಕೆ ಸಾಯುವುದಿಲ್ಲ, ಇವನ್ನು ಕೇಳಿ ಕೇಳಿ ಹಮಾಲರಿಗೆ ಬೇಜಾರು ಮಾಡಿದ್ದೆ. ಹೈಸ್ಕೂಲಿಗೆ ಬರುವ ಹೊತ್ತಿಗೆ ಖಾಲಿ ಉಪ್ಪಿನಕಾಯಿ ಭರಣಿಗಳಲ್ಲಿ ನುಸಿ ಸಾಕತೊಡಗಿದ್ದೆ. ಅವ್ವ ಬಂದವರ ಮುಂದೆ, “ಮಂದಿ ಮನ್ಯಾಗ ಹುಡಿಗ್ಯಾರು ಮೀನ ಸಾಕತಾರ, ಗಿಣಿ ಸಾಕತಾರ, ನಮ್ಮಾಕಿ ನುಸಿ ಸಾಕ್ಯಾಳ ನೋಡ್ರಿ” ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು. ಜೀವಶಾಸ್ತ್ರ ಓದಬೇಕು, ಹುಳಗಳ ಬಗ್ಗೆಯೇ ಓದಬೇಕು ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಎಲ್ಲಿ, ಯಾರ ದುಡ್ಡಿನಲ್ಲಿ ಎನ್ನುವುದೇ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಗೆ ಉತ್ತರ ತಂದವನು ಕಾಕಾ. ಅಪ್ಪನ ತಮ್ಮ, ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಪುಸ್ತಿಕೆ ಹಿಡಿದುಕೊಂಡು ಬಂದ. ನುಣುಪು ಕಾಗದ, ಬಿಳಿ ಕೋಟು ತೊಟ್ಟು ನಗುವ ಹುಡುಗಿಯರು, ಐದು ವರ್ಷದ ಬಯೋಟೆಕ್ನಾಲಜಿ ಕೋರ್ಸು. ಹಾಸ್ಟೆಲ್ಲೂ ಸೇರಿ ಒಟ್ಟು ಹದಿನಾಲ್ಕು ಲಕ್ಷ.

ಹದಿನಾಲ್ಕು ಲಕ್ಷವೆಂದರೆ ಅಪ್ಪ ಎದ್ದು ಹೋಗುತ್ತಾನೆ ಎಂದುಕೊಂಡಿದ್ದೆ. ಅವನು ಕಾಲು ಮಡಚಿ ಇನ್ನೂ ಆರಾಮಾಗಿ ಕೂತ.

“ಬ್ಯಾಂಕಿನಾಗ ಎಷ್ಟು ಕೊಡತಾರ?” ಎಂದು ಕೇಳಿದ.

“ಹನ್ನೆರಡು ಲಕ್ಷದ ತನಕ ನಾ ಮಾಡಸ್ತೇನಿ. ವರ್ಷಕ್ಕ ನೂರಕ್ಕ ಹನ್ನೊಂದು. ಓದೂದು ಮುಗಿಯೂ ತನಕ ಕಂತಿಲ್ಲ,” ಎಂದ ಕಾಕಾ.

“ವರ್ಷಕ್ಕ ಹನ್ನೊಂದು?” ಅಪ್ಪನ ಮುಖ ಅರಳಿತು. “ಬಾಜಾರದಾಗ ನಾವು ತಿಂಗಳಿಗೆ ನೂರಕ್ಕ ಒಂದೂವರಿ ಕೊಟ್ಟು ದುಡ್ಡು ಎತ್ತತೇವಿ. ಇಷ್ಟು ಸೋವಿ ದುಡ್ಡು ಯಾವಾಗ ಸಿಗಬೇಕು? ಅಂಗಡಿ ರೊಕ್ಕ ಅಂಗಡ್ಯಾಗ ತಿರಗ್ಲಿ, ಇದು ಬ್ಯಾಂಕಿಂದಾಗ್ಲಿ.”

ವ್ಯಾಪಾರಸ್ಥರ ಮನೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಸಾಲ ಎಂದರೆ ನಮ್ಮಲ್ಲಿ ಯಾರಿಗೂ ಎದೆ ಹೊಡೆದುಕೊಳ್ಳುವುದಿಲ್ಲ. ಸಾಲವಿಲ್ಲದ ದಲಾಲಿ ಅಂಗಡಿಯೇ ಇಲ್ಲ. ಸುಗ್ಗಿಯಲ್ಲಿ ಸಾಲ ಎತ್ತಿ ಮಾಲು ಹಿಡಿಯುವುದು, ದರ ಏರಿದಾಗ ಮಾರಿ ತೀರಿಸುವುದು, ಏರದಿದ್ದರೆ ಒಂದಿಷ್ಟು ಲುಕ್ಸಾನು ತಿಂದು ಮಾರಿ ಕೈತೊಳೆದುಕೊಳ್ಳುವುದು. ಅಪ್ಪ ಹುಟ್ಟಿದಾಗಿನಿಂದ ನೋಡಿದ್ದು ಇದನ್ನೇ. ನನ್ನ ಡಿಗ್ರಿಯನ್ನೂ ಅವನು ಐದು ವರ್ಷ ಗೋದಾಮಿನಲ್ಲಿಟ್ಟು ತೆಗೆಯುವ ಒಂದು ಲೋಡು ಕಡಲೆಯ ಹಾಗೆ ಕಂಡ. ಆ ಹೊತ್ತಿಗೆ ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಕಾಣಲು ನನಗೆ ಮನಸ್ಸೂ ಇರಲಿಲ್ಲ. ಬೆಂಗಳೂರು ಎಂದರೆ ಮನೆಯಿಂದ ದೂರ. ಬೇಕೆಂದಾಗ ಏಳುವುದು, ಬೇಕೆಂದಲ್ಲಿ ಹೋಗುವುದು, ಮಾತು ಮಾತಿಗೆ “ಎಲ್ಲಿ ಹೊಂಟಿ, ಯಾರ ಕೂಡ ಹೊಂಟಿ” ಎನ್ನುವವರಿಲ್ಲದ ಐದು ವರ್ಷ. ನನಗೆ ಆಸೆಯಾಯಿತು, ಬಹಳ ಆಸೆಯಾಯಿತು. ಆ ಪುಸ್ತಿಕೆಯನ್ನು ಎರಡು ದಿನ ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ.

ಮೂರನೆಯ ದಿನ ಅಪ್ಪನಿಗೆ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದೆ. ಅಪ್ಪ ಒಂದು ಕಡಲೆ ಚೀಲದ ಮುಂದೆ ನಿಂತಿದ್ದ. ಬಾಯಿ ಬಿಚ್ಚಿದ ಚೀಲದ ಮೇಲೆ ದಪ್ಪ ದಪ್ಪ, ಹೊಳೆಯುವ ಕಾಳು. ಅಪ್ಪ ಅದನ್ನು ಕಣ್ಣೆತ್ತಿಯೂ ನೋಡದೆ, ಮೊನೆಯುಳ್ಳ ಕಬ್ಬಿಣದ ಕೊಳವೆಯನ್ನು ಚೀಲದ ನಡುಮಧ್ಯೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡ. ಅರ್ಧ ಸಣ್ಣ ಕಾಳು, ಒಂದೆರಡು ಹುಳುಕು. “ಚೀಲದ ಬಾಯಾಗ ಎಲ್ಲಾರೂ ಛಲೋ ಮಾಲ ಇಟ್ಟಿರತಾರ,” ಎಂದು ಯಾರಿಗೋ ಹೇಳುತ್ತಿದ್ದ. ನಾನು ಡಬ್ಬಿ ಅಲ್ಲೇ ಇಟ್ಟು ಮನೆಗೆ ಬಂದು ಪುಸ್ತಿಕೆ ತೆರೆದೆ. ಬಿಳಿ ಕೋಟಿನ ಹುಡುಗಿಯರೆಲ್ಲ ಚೀಲದ ಬಾಯಲ್ಲಿದ್ದರು.

ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಬೆಂಗಳೂರಿನ ಹೆಂಗಸೊಬ್ಬರು ಬೆಣ್ಣೆಯಂಥ ದನಿಯಲ್ಲಿ ಮಾತಾಡಿದರು. “ನಮ್ಮಲ್ಲಿ ಹೈಯೆಸ್ಟ್ ಪ್ಯಾಕೇಜ್ ಹದಿನಾಲ್ಕು ಲಕ್ಷ ಬಂದಿದೆ ಮ್ಯಾಮ್.”

“ಅದು ಎಷ್ಟು ಜನಕ್ಕೆ?” ಎಂದೆ.

“ಅದು ಒಬ್ಬರಿಗೆ.”

“ನಡುವಿನವರಿಗೆ ಎಷ್ಟು ಬರತೈತಿ ಹೇಳ್ರಿ. ಫಸ್ಟೂ ಅಲ್ಲ, ಫೇಲೂ ಅಲ್ಲ, ಸುಮ್ಮನ ಪಾಸಾಗಿ ಹೋದವರು. ಅಂಥವರೊಬ್ಬರ ನಂಬರ್ ಕೊಡ್ರಿ.”

“ನೀವು ಒಂದ್ಸಲ ಕ್ಯಾಂಪಸ್ ವಿಸಿಟ್ ಮಾಡಿ ಮ್ಯಾಮ್,” ಎಂದರು ಅವರು. ನಾನು ಇನ್ನೊಮ್ಮೆ ಕೇಳಿದೆ. ಅವರು ಇನ್ನೊಮ್ಮೆ ಕ್ಯಾಂಪಸ್ಸಿಗೆ ಕರೆದರು. ಅಷ್ಟು ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು, ಸಿಟ್ಟು ಬಂದರೆ ನನ್ನ ತಲೆ ಚೆನ್ನಾಗಿ ಓಡುತ್ತದೆ.

ಅಪ್ಪನನ್ನು ಹಿಡಿದುಕೊಂಡೆ. “ಅಪ್ಪಾ, ಮಾಲ ನೋಡಲಾರದ ಹನ್ನೆರಡು ಲಕ್ಷ ಹಾಕಾಕತ್ತೀಯಲ್ಲ, ಮಂದಿ ನಗತಾರ. ಈ ಡಿಗ್ರಿ ಓದಿದವರು ಯಾರಾರ ಇದ್ರ ನೋಡು, ಕೇಳಿ ಬರೂನು.” ಮಂದಿ ನಗುತ್ತಾರೆ ಎಂದದ್ದು ಅವನಿಗೆ ನಾಟಿತು. ಎರಡು ಕಡೆ ಫೋನ್ ಮಾಡಿದ. ಧಾರವಾಡದ ಆಚೆ, ಬೇಲೂರು ಕೈಗಾರಿಕಾ ಪ್ರದೇಶದ ಒಂದು ಹಿಟ್ಟು, ಮಸಾಲೆ ಫ್ಯಾಕ್ಟರಿಗೆ ಅಪ್ಪನ ಮೂಲಕವೇ ಕಡಲೆ ಹೋಗುತ್ತಿತ್ತು. ಅಲ್ಲಿಯ ಲ್ಯಾಬಿನಲ್ಲಿ ಗದಗ ಕಡೆಯ ಒಬ್ಬಳು ಇದ್ದಾಳೆ, ಅದೇ ವಿಶ್ವವಿದ್ಯಾಲಯದಲ್ಲಿ ಅದೇ ಕೋರ್ಸು ಓದಿದವಳು ಎಂದು ಗೊತ್ತಾಯಿತು. ಮರುದಿನವೇ ಸ್ಕೂಟರಿನಲ್ಲಿ ಹೊರಟೆವು.

ಅವಳು ಊಟದ ಬಿಡುವಿನಲ್ಲಿ ಹೊರಗೆ ಬಂದಳು. ತಲೆಗೆ ಬಲೆಯ ಟೋಪಿ, ಕೈಯಲ್ಲಿ ಡಬ್ಬಿ. ಫ್ಯಾಕ್ಟರಿಯ ಗೋಡೆಯ ನೆರಳಿನಲ್ಲಿ ಮೂವರೂ ಕೂತೆವು. ಅಪ್ಪ ಒಂದು ನಿಮಿಷವೂ ಸುತ್ತಿ ಬಳಸಲಿಲ್ಲ.

“ತಂಗಿ, ತಪ್ಪು ತಿಳ್ಕೋಬ್ಯಾಡ್ರಿ. ಕೈಗೆ ಎಷ್ಟು ಬರತೈತಿ?”

ನನಗೆ ನಾಚಿಕೆಯಾಯಿತು. ಅವಳಿಗೆ ಆಗಲಿಲ್ಲ. “ಇಪ್ಪತ್ತೊಂದು ಸಾವಿರ ಬರತೈತ್ರಿ ಕಾಕಾರ. ಅದರಾಗ ಹನ್ನೆರಡು ಸಾವಿರ ಬ್ಯಾಂಕಿನ ಕಂತಿಗೆ ಹೋಗತೈತಿ. ನಮ್ಮ ಅಪ್ಪ ಅರ್ಧ ಕಟ್ಟಿದ್ರು, ಅದಕ್ಕ ಅಷ್ಟರಾಗ ಐತಿ.”

“ಎಷ್ಟು ವರ್ಷ ಕಂತು?”

“ಏಳು. ಎರಡು ಮುಗದಾವು.”

ಕೆಲಸ ಹೇಗಿದೆ ಎಂದು ನಾನು ಕೇಳಿದೆ. ಮುಖ ಸಪ್ಪೆ ಮಾಡಿಕೊಂಡು ಏನಾದರೂ ಹೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಹುರುಪಿನಿಂದಲೇ ಹೇಳಿದಳು. ಮಸಾಲೆಯಲ್ಲಿ ಯಾವ ಬೂಸ್ಟು ಬೆಳೆಯುತ್ತದೆ, ಹಿಟ್ಟಿನಲ್ಲಿ ಯಾವ ಸೂಕ್ಷ್ಮಜೀವಿ ಎಷ್ಟಿದ್ದರೆ ಲಾರಿ ವಾಪಸು ಬರುತ್ತದೆ, ಗಾಜಿನ ತಟ್ಟೆಯಲ್ಲಿ ಅವನ್ನು ಬೆಳೆಸಿ ಎಣಿಸುವುದು ಹೇಗೆ. ಕೇಳುತ್ತ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಅವಳು ರೊಟ್ಟಿ ಮುರಿಯುತ್ತ, ಇನ್ನೊಂದು ಮಾತು ಹೇಳಿದಳು.

“ಪುಣೆದಾಗ ಒಂದು ದೊಡ್ಡ ಲ್ಯಾಬಿನಾಗ ನನಗ ಜಾಗ ಸಿಕ್ಕಿತ್ತು. ರಿಸರ್ಚ್ ಕೆಲಸ. ನಾ ಏನು ಮಾಡಬೇಕಂತ ಓದಿದ್ನೋ ಅದ. ಪಗಾರ ಹದಿನಾರು ಸಾವಿರ ಅಂದ್ರು. ಕಂತು ಕಟ್ಟಿ, ರೂಮ್ ಬಾಡಿಗಿ ಕೊಟ್ಟು, ಉಣ್ಣೂದು ಏನು? ಬಿಟ್ಟೆ. ನಾ ಕೆಲಸ ಆರಿಸ್ಲಿಲ್ಲ, ಕಂತು ಆರಿಸ್ತು.”

ಅಪ್ಪ ಸ್ವಲ್ಪ ಮುಂದಕ್ಕೆ ಬಾಗಿದ. “ಹಂಗಿದ್ರ ತಂಗಿ, ಲುಕ್ಸಾನ ಆದ್ರೂ ಆಗ್ಲಿ ಅಂತ ಒಮ್ಮೆ ಅದನ್ನ...” ಎಂದು ಶುರುಮಾಡಿ, ತಟ್ಟನೆ ನಿಲ್ಲಿಸಿದ. ಮಾರಿಬಿಡು ಎನ್ನಲು ಹೊರಟಿದ್ದ. ಮಾರಲು ಏನೂ ಇರಲಿಲ್ಲ. ಕಡಲೆಯಾದರೆ ಬಂದಷ್ಟಕ್ಕೆ ಕೊಟ್ಟು ಸಾಲದ ಬಾಯಿ ಮುಚ್ಚಬಹುದು, ಓದಿದ್ದನ್ನು ಯಾರಿಗೆ ಕೊಡುವುದು? ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆ ಮುಖವನ್ನು ನಾನು ಅಂಗಡಿಯಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಬರುವಾಗ ಧಾರವಾಡದಲ್ಲಿ ಗಾಡಿ ನಿಲ್ಲಿಸಿ ಗಿರ್ಮಿಟ್ ತಿಂದೆವು. ನಾನು ಮೊಬೈಲಿನಲ್ಲಿ ಲೆಕ್ಕ ಮಾಡಿ ಅವನ ಕಣ್ಣೆದುರು ಹಿಡಿದೆ. ಐದು ವರ್ಷದಲ್ಲಿ ಬಡ್ಡಿ ಸೇರಿ ಹನ್ನೆರಡು ಲಕ್ಷವು ಹದಿನಾರು ಲಕ್ಷ ದಾಟುತ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಇಪ್ಪತ್ತೆರಡು ಸಾವಿರದ ಮೇಲೆ. ಆ ಹುಡುಗಿಯ ಪಗಾರವೇ ಇಪ್ಪತ್ತೊಂದು.

“ಸೋವಿ ದುಡ್ಡು ಅಂದೀಯಲ್ಲ,” ಎಂದೆ.

“ಬಾಯಿ ಭಾಳ ಆತು ನಿಂದು,” ಎಂದ ಅಪ್ಪ. ಲೆಕ್ಕವನ್ನು ಇನ್ನೊಮ್ಮೆ ನೋಡಿ ಕೇಳಿದ, “ಹಂಗಾರ ಏನಂತಿ?”

“ಧಾರವಾಡದಾಗ ಬಿಎಸ್ಸಿ. ವರ್ಷಕ್ಕ ಹತ್ತು ಹನ್ನೆರಡು ಸಾವಿರ ಫೀ. ಮನಿಯಿಂದ ಬಸ್ಸಿನಾಗ ಹೋಗತೇನಿ. ಒಂದು ರೂಪಾಯಿನೂ ಸಾಲ ಬ್ಯಾಡ.”

ಅಷ್ಟು ಧೈರ್ಯವಾಗಿ ಹೇಳಿ ಮುಗಿಸಿದೆ. ಬೆಂಗಳೂರಿನ ಐದು ವರ್ಷವನ್ನು ಗಿರ್ಮಿಟ್ಟಿನ ಕಾಗದದ ಜೊತೆ ಬುಟ್ಟಿಗೆ ಎಸೆದು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಅಪ್ಪನ ಬೆನ್ನ ಹಿಂದೆ ಅತ್ತೆ, ಅವನಿಗೆ ಗೊತ್ತಾಗಲಿಲ್ಲ.

ಮನೆಯಲ್ಲಿ ವಿಷಯ ಹೇಳಿದಾಗ ಅವ್ವನಿಗೆ ಬಹಳ ಖುಷಿಯಾಯಿತು. ಆ ಖುಷಿ ನೋಡಿಯೇ ನನಗೆ ಹೆದರಿಕೆಯಾಯಿತು. “ಛಲೋ ಆತು ಬಿಡು. ಮೂರು ವರ್ಷ ಕಣ್ಣ ಮುಂದ ಓದಕೋತ ಇರ್ತಾಳ. ಅಷ್ಟರಾಗ ಒಂದು ಛಲೋ ಮನಿ ನೋಡಿದ್ರಾತು,” ಎಂದಳು.

ಅವ್ವ ಕೆಟ್ಟದ್ದೇನೂ ಹೇಳಲಿಲ್ಲ. ನಮ್ಮ ಬಳಗದಲ್ಲಿ ಬಿಎಸ್ಸಿ ಸೇರಿದ ಹುಡುಗಿಯರ ಕೊನೆಯ ವರ್ಷದ ಪರೀಕ್ಷೆಯೂ ಮದುವೆಯ ಮುಹೂರ್ತವೂ ಆಚೀಚೆಯಾಗಿಯೇ ಬರುತ್ತಿದ್ದವು. ನಾನು ಮಾತ್ರ ಆ ವಾರವೆಲ್ಲ ಧಾರವಾಡ ತಿರುಗಿ ಇನ್ನೊಂದು ದರವನ್ನೂ ಕೇಳಿಕೊಂಡು ಬಂದಿದ್ದೆ. ಬರೀ ಬಿಎಸ್ಸಿ ಮುಗಿಸಿದವಳಿಗೆ ಸಿಗುವುದು ಟ್ಯೂಷನ್ ಕ್ಲಾಸಿನಲ್ಲೋ ಔಷಧಿ ಅಂಗಡಿಯಲ್ಲೋ ಹನ್ನೆರಡು ಹದಿಮೂರು ಸಾವಿರ. ಅದರ ಮೇಲೆ ಎಮ್ಮೆಸ್ಸಿ ಮಾಡಿ, ಫೆಲೋಶಿಪ್ಪಿನ ಪರೀಕ್ಷೆ ಪಾಸಾದರೆ ಮಾತ್ರ ಹುಳಗಳ ಮೇಲೆ ಕೆಲಸ ಮಾಡಲು ತಿರುಗಿ ಸರಕಾರವೇ ತಿಂಗಳ ದುಡ್ಡು ಕೊಡುತ್ತದೆ. ಅಂದರೆ ಮೂರು ವರ್ಷಕ್ಕೆ ನಿಂತರೆ ಸಾಲವೂ ಇಲ್ಲ, ಗಳಿಕೆಯೂ ಇಲ್ಲ, ನುಸಿಯೂ ಇಲ್ಲ. ಐದು ವರ್ಷ ಬೇಕೇ ಬೇಕಿತ್ತು. ಬೆಂಗಳೂರಿಗೆ ಹೋಗಿದ್ದರೆ ಆ ಐದು ವರ್ಷವನ್ನು ಸಾಲವೇ ಕಾಯುತ್ತಿತ್ತು, ಮೈಮೇಲೆ ಸಾಲ ಇರುವ ಹುಡುಗಿಯನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ಸಾಲ ಬಿಟ್ಟು ಮನೆಯಲ್ಲಿ ಉಳಿದ ನನಗೆ ಕಾವಲು ಇರಲಿಲ್ಲ. ಅದನ್ನು ನಾನೇ ಗಳಿಸಿಕೊಳ್ಳಬೇಕಿತ್ತು.

ಮುಂದಿನ ಭಾನುವಾರ ಕಾಕಾ ಬಂದಿದ್ದ. ಸಾಲ ಕೈತಪ್ಪಿದ್ದಕ್ಕೆ ಅವನಿಗೆ ಸ್ವಲ್ಪ ಮುನಿಸಿತ್ತು. ಅವ್ವ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಅಪ್ಪನ ಮುಂದೆ ಹೋಗಿ ಕೂತೆ.

“ಅಪ್ಪಾ, ನಿನಗ ಹನ್ನೆರಡು ಲಕ್ಷ ಸಾಲ ಉಳಿಸೇನಿ. ಅದಕ್ಕ ನನಗೊಂದು ಕೊಡಬೇಕು. ಇಂತಿಷ್ಟು ವರ್ಷ ನನ್ನ ಮದುವಿ ಮಾತು ಈ ಮನ್ಯಾಗ ಎತ್ತೂದಿಲ್ಲ ಅಂತ ಮಾತು ಕೊಡು.”

“ಎಷ್ಟು ವರ್ಷ?” ಎಂದು ಕಾಕಾ ನಡುವೆ ಬಾಯಿ ಹಾಕಿದ.

ಅಪ್ಪ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದ. ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಬಲಗೈ ಮೇಲೆ ಹಾಕಿಕೊಂಡು, ಆ ಕೈಯನ್ನು ನನ್ನ ಕಡೆ ಚಾಚಿದ.

ಈಗ ಮಾರುಕಟ್ಟೆಯಲ್ಲಿ ಟೆಂಡರು ಕಂಪ್ಯೂಟರಿನಲ್ಲಿ ನಡೆಯುತ್ತದೆ. ಅಜ್ಜನ ಕಾಲದಲ್ಲಿ ದರ ಮಾತಾಡುತ್ತಿದ್ದುದು ಹೀಗೆ, ಟವೆಲ್ಲಿನ ಕೆಳಗೆ ಕೈ ಹಿಡಿದು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಸುತ್ತ ನಿಂತವರಿಗೆ ದರ ತಿಳಿಯಬಾರದು, ಮುಗಿದ ಮೇಲೂ ಹೇಳಬಾರದು. ನಾನು ಚಿಕ್ಕವಳಿದ್ದಾಗ ಪೇಪರಮಿಂಟಿನ ಲೆಕ್ಕ ಅಪ್ಪನೂ ನಾನೂ ಹೀಗೇ ಮಾತಾಡುತ್ತಿದ್ದೆವು.

ನಾನು ಟವೆಲ್ಲಿನ ಕೆಳಗೆ ಕೈ ಹಾಕಿ ಅಪ್ಪನ ಐದೂ ಬೆರಳು ಹಿಡಿದೆ. ಅವನು ಬಿಡಿಸಿಕೊಂಡು ನನ್ನ ಮೂರು ಬೆರಳು ಹಿಡಿದ. ನಾನು ಬೇಡವೆಂದು ತಲೆಯಾಡಿಸಿ ಮತ್ತೆ ಐದು ಹಿಡಿದೆ. ಅವನು ಮೂರಕ್ಕೆ ಇನ್ನೊಂದು ಸೇರಿಸಿ ನಾಲ್ಕು ಮಾಡಿದ. ಕಾಕಾ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ನಾಲ್ಕು ವರ್ಷವೆಂದರೆ ಎಮ್ಮೆಸ್ಸಿ ಅರ್ಧಕ್ಕೆ ನಿಲ್ಲುತ್ತದೆ, ಅದಕ್ಕಿಂತ ಸೇರದಿರುವುದೇ ವಾಸಿ. ಮೂರನೆಯ ಸಲವೂ ಐದನ್ನೇ ಹಿಡಿದೆ, ಬಿಡಲಿಲ್ಲ. ಅಪ್ಪ ನನ್ನ ಮುಖ ನೋಡಿದ. ಬೇಲೂರಿನ ಗೋಡೆಯ ನೆರಳಿನಲ್ಲಿ ಕೂತಿದ್ದ ಆ ಹುಡುಗಿ ಅವನಿಗೂ ನೆನಪಾಗಿರಬೇಕು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಒಮ್ಮೆ ಕುಲುಕಿದ. ವ್ಯಾಪಾರ ಮುಗಿಯಿತು.

“ಎಷ್ಟಕ್ಕ ಮುಗೀತ್ರಿ?” ಎಂದು ಅವ್ವ ಬಾಗಿಲಲ್ಲಿಂದ ಕೇಳಿದಳು.

“ಟವೆಲ್ಲಿನ ಕೆಳಗಿನ ಮಾತು ಹೇಳೂದಲ್ಲ,” ಎಂದ ಅಪ್ಪ. ಎಲ್ಲರೂ ನಕ್ಕೆವು. ಅವ್ವನೂ ನಕ್ಕಳು.

ಮೂರು ವರ್ಷ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬಂದೆ. ಜೊತೆಯವರು ಬೆಂಗಳೂರು, ಮಂಗಳೂರಿನ ಫೋಟೋ ಹಾಕುವಾಗ ಹೊಟ್ಟೆ ಉರಿದದ್ದು ಸುಳ್ಳಲ್ಲ. ಎರಡನೆಯ ವರ್ಷದಿಂದ ಒಂದು ನೀಟ್ ಕೋಚಿಂಗ್ ಕ್ಲಾಸಿನಲ್ಲಿ ಶನಿವಾರ, ಭಾನುವಾರ ಜೀವಶಾಸ್ತ್ರ ಹೇಳಿಕೊಡತೊಡಗಿದೆ. ನೀಟಿನಲ್ಲಿ ಸೀಟು ಸಿಗದವಳೇ ನೀಟ್ ಕಲಿಸುತ್ತಾಳೆ ಎಂದು ಕಾಕಾ ಚುಡಾಯಿಸಿದ. “ಪಗಾರ ಕೊಡತಾರಲ್ಲ ಕಾಕಾ, ನಿಮಗೇನು ತ್ರಾಸು?” ಎಂದೆ. ಮನೆಯ ಹಿಂದಿನ ಕೋಣೆಯಲ್ಲಿ ಭರಣಿಗಳು ಹೆಚ್ಚಾದವು. ಅಪ್ಪ ಈಗ ಗೋದಾಮಿನಿಂದ ತಾನೇ ಹುಳಬಿದ್ದ ಕಾಳನ್ನು ಪೊಟ್ಟಣ ಕಟ್ಟಿಕೊಂಡು ಬರುತ್ತಿದ್ದ.

ಕೊನೆಯ ಪರೀಕ್ಷೆ ಮುಗಿದ ವಾರ ಮನೆಗೆ ಬಂದರೆ ನಡುಮನೆಯಲ್ಲಿ ಹೊಸ ಹಾಸು. ಅವ್ವ ಶಾವಿಗೆ ಪಾಯಸ ಮಾಡಿದ್ದಳು. “ಸೀರಿ ಉಟಗೋ, ಲಗೂನ. ನಾಲ್ಕಕ್ಕ ಬರತಾರ,” ಎಂದಳು. ಹತ್ತಿ ವ್ಯಾಪಾರದ ಮನೆತನ, ಒಬ್ಬನೇ ಮಗ, ಕಾಕಾ ತಂದ ಸಂಬಂಧ. ನನಗೆ ಇದರ ಸುಳಿವೂ ಕೊಟ್ಟಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಅವ್ವ ಅವನಿಗೆ ಫೋನ್ ಮಾಡಿ, ನೆಂಟರು ಬರುತ್ತಾರೆ ಬಾ ಎಂದಷ್ಟೇ ಹೇಳಿದ್ದಳು.

ಬಂದವರು ಕೂತು, ನೀರು ಕುಡಿದ ಮೇಲೆ ಅಪ್ಪ ಕೈಮುಗಿದ. “ನೀವು ನಮ್ಮ ಮನಿಗೆ ಬಂದಿದ್ದು ಭಾಳ ಸಂತೋಷ. ಆದ್ರ ಮಗಳ ಕೂಡ ನಾ ಕೈ ಹಿಡದು ಮಾತಾಡೇನಿ. ಇನ್ನೂ ಎರಡು ವರ್ಷ ಅದಾವು. ಪಾಯಸ ಉಂಡು ಹೋಗಬೇಕು.”

ಹತ್ತಿ ವ್ಯಾಪಾರದ ಹಿರಿಯರಿಗೆ ಕೈ ಹಿಡಿದ ಮಾತೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ತಲೆಯಾಡಿಸಿ ಪಾಯಸ ಉಂಡರು. ಅವರ ಜೊತೆಗೆ ಬಂದಿದ್ದ ಕಾಕಾ ಉಣ್ಣಲಿಲ್ಲ, ಆಮೇಲೆ ಆರು ತಿಂಗಳು ನಮ್ಮ ಮನೆಗೂ ಬರಲಿಲ್ಲ. ನನಗೆ ಅಪ್ಪನ ಮೇಲೆ ಎಷ್ಟು ಅಭಿಮಾನ ಉಕ್ಕಿತೆಂದರೆ, ಅವನಿಗೆ ಇನ್ನೊಂದು ಬಟ್ಟಲು ಪಾಯಸ ಹಾಕಿಕೊಡಲು ಅಡಿಗೆ ಮನೆಗೆ ಓಡಿದೆ.

ಅಲ್ಲಿ ಅವ್ವ ಗೋಡೆಗೆ ಮುಖ ಮಾಡಿ ನಿಂತಿದ್ದಳು.

“ಮೂರು ಅಂತ ತಿಳ್ಕೊಂಡಿದ್ನಿ,” ಎಂದಳು. “ಕೋರ್ಸು ಮೂರು ವರ್ಷದ್ದು, ಅಷ್ಟಕ್ಕ ಮಾತಾಗಿರತೈತಿ ಅಂತ ನಾನ ಲೆಕ್ಕ ಹಾಕಿದ್ನಿ. ಮೂರು ವರ್ಷ ಬಾಯಿ ಬಿಡಲಿಲ್ಲ ನಾನು, ಯಾರು ಕೇಳಿದ್ರೂ ಇನ್ನೂ ಇಲ್ಲ ಅಂದ್ನಿ. ನಿಮ್ಮಿಬ್ಬರಾಗ ಒಬ್ಬರಿಗರ ನನಗ ಹೇಳಬೇಕು ಅನಸಲಿಲ್ಲ?”

ಮಾತಿಗೆ ಮಾತು ಎದುರಾಡುವವಳು ನಾನು, ಅಪ್ಪನಿಗೆಂದು ತಂದ ಬಟ್ಟಲನ್ನು ಕೆಳಗಿಟ್ಟೆ. ನನ್ನ ಹನ್ನೆರಡು ಲಕ್ಷ, ನನ್ನ ಐದು ವರ್ಷ, ನನ್ನ ಜಾಣತನ, ಎಲ್ಲವನ್ನೂ ಹತ್ತು ಕಡೆ ದರ ಕೇಳಿ ತೂಗಿದ್ದೆ. ಪಕ್ಕದ ಬಾಗಿಲಲ್ಲೇ ನಿಂತಿದ್ದ ಅವ್ವನನ್ನು ಒಂದು ಮಾತೂ ಕೇಳಿರಲಿಲ್ಲ.

ಉಳಿದ ಎರಡು ವರ್ಷ ಎಮ್ಮೆಸ್ಸಿ ಓದಿದೆ. ಫೆಲೋಶಿಪ್ಪಿನ ಪರೀಕ್ಷೆಯಲ್ಲಿ ಮೊದಲ ಸಲ ಕೂದಲೆಳೆಯಲ್ಲಿ ತಪ್ಪಿತು. ಇನ್ನೊಮ್ಮೆ ಕೂತೆ. ಈ ಸಲ ಓಣಿಯವರು ಸಣ್ಣ ದನಿ ಮಾಡಿಕೊಂಡು ಬರಲು ಬಿಡಬಾರದೆಂದು ಹಟ ಹಿಡಿದು ಓದಿದೆ, ಕೋಚಿಂಗಿನ ದುಡ್ಡಿನಲ್ಲೇ ಪುಸ್ತಕ ಕೊಂಡೆ. ಈ ವರ್ಷ ಸಿಕ್ಕಿತು. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ, ಸಂಗ್ರಹಿಸಿಟ್ಟ ಕಾಳಿನ ಹುಳಗಳ ಮೇಲೆಯೇ ಕೆಲಸ. ಐದು ವರ್ಷ, ತಿಂಗಳಿಗೆ ಮೂವತ್ತೇಳು ಸಾವಿರ ಅವರೇ ಕೊಡುತ್ತಾರೆ.

ಪತ್ರ ಬಂದ ದಿನ ಅಪ್ಪ ಅಂಗಡಿ ಬೇಗ ಮುಚ್ಚಿ ಮನೆಗೆ ಬಂದ. ನಡುಮನೆಯಲ್ಲಿ ಕೂತು, ಕಣ್ಣಲ್ಲೇ ನಗುತ್ತ, ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹಾಸಿ ನನ್ನ ಕಡೆ ಚಾಚಿದ. ಹಳೆಯ ಮಾತು ಮುಗಿದಿತ್ತು, ಹೊಸ ಮಾತು ಆಗಬೇಕಿತ್ತು.

ನಾನು ಕೈ ಒಳಗೆ ಹಾಕಲಿಲ್ಲ. ಟವೆಲ್ ತೆಗೆದು ಮಡಚಿ ಅಪ್ಪನ ಹೆಗಲಿಗೆ ವಾಪಸು ಹಾಕಿದೆ. ಅಡಿಗೆ ಮನೆಯ ಬಾಗಿಲಲ್ಲಿ ಅವ್ವ ಮೊರದ ತುಂಬ ಜೋಳ ಇಟ್ಟುಕೊಂಡು ಹಸನು ಮಾಡುತ್ತಿದ್ದಳು. ಹೋಗಿ ಅವಳ ಮುಂದೆ ಕೂತೆ.

“ಅವ್ವಾ, ಹೈದರಾಬಾದಿಗೆ ಹೋಗತೇನಿ. ಐದು ವರ್ಷ. ಅದು ಮುಗಿಯೂ ತನಕ ಮದುವಿ ಮಾತು ಬ್ಯಾಡ. ನಡುವ ನನಗ ಯಾರರ ಮನಸ್ಸಿಗೆ ಸೇರಿದ್ರ ನಾನ ಬಂದು ಮೊದಲು ನಿನಗ ಹೇಳತೇನಿ.”

ಅವ್ವ ಕಾಳಿನಿಂದ ಕೈ ತೆಗೆಯಲಿಲ್ಲ. “ಕೈಗೆ ಎಷ್ಟು ಕೊಡತಾರ?”

“ಮೂವತ್ತೇಳು ಸಾವಿರ.”

“ಸಾಲ?”

“ಒಂದು ರೂಪಾಯಿನೂ ಇಲ್ಲ.”

“ನನ್ನ ಕೇಳಾಕತ್ತೀಯೋ, ಹೇಳಾಕತ್ತೀಯೋ?”

“ಹೇಳಾಕತ್ತೇನಿ,” ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಆದ್ರ ಈ ಐದರ ಮಾತು ಅಪ್ಪನಕಿಂತ ಮೊದಲು ನಿನಗ ಹೇಳಾಕತ್ತೇನಿ.”

ಅವ್ವ ಮೊರವನ್ನು ಪಕ್ಕಕ್ಕೆ ಸರಿಸಿದಳು. ನನ್ನ ಕೈ ಎಳೆದುಕೊಂಡು, ಐದೂ ಬೆರಳು ಸೇರಿಸಿ ಗಟ್ಟಿಯಾಗಿ ಹಿಡಿದು ಒಮ್ಮೆ ಕುಲುಕಿದಳು. ಬಾಗಿಲಲ್ಲಿ ನಿಂತು ನೋಡಿದ್ದನ್ನು ಅವಳು ಮರೆತಿರಲಿಲ್ಲ. ಆಮೇಲೆ ನಡುಮನೆಯ ಕಡೆ ತಿರುಗಿ, ಓಣಿಗೆಲ್ಲ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದಳು:

“ಐದಕ್ಕ ಮುಗೀತು ನೋಡ್ರಿ!”